ಸತ್ತ ಕಾರ್ಬನ್‌ಗೆ ಮತ್ತೆ ಜೀವ ಬರುತ್ತಾ? ಎಸ್‌ಟಿಪಿ, ಇಟಿಪಿ ನೋಡಿಕೊಳ್ಳುವವರಿಗೆ ಒಂದು ಮಾರ್ಗದರ್ಶಿ

"ಸಾರ್, ನಮ್ಮ ಎಸಿಎಫ್‌ನಲ್ಲಿರೋ ಕಾರ್ಬನ್ ಹಾಕಿ ಎರಡು ವರ್ಷ ಆಯ್ತು. ಹೊಸದು ತರಿಸಬೇಕಾ, ಇದನ್ನೇ ರೀಜನರೇಟ್ ಮಾಡಬಹುದಾ?" ಎಸಿಎಫ್ ಅಂದರೆ ನೀರು ಶುದ್ಧ ಮಾಡುವ ಕಾರ್ಬನ್ ಫಿಲ್ಟರ್, ರೀಜನರೇಟ್ ಅಂದರೆ ಹಳೆಯ ಕಾರ್ಬನ್ನನ್ನೇ ಮತ್ತೆ ಕೆಲಸಕ್ಕೆ ಬರುವಂತೆ ಮಾಡುವುದು. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕೇಳುವವರಲ್ಲಿ ಎರಡು ಗುಂಪು. ಒಂದು, ಬೆಂಗಳೂರಿನ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು. ಎಸ್‌ಟಿಪಿ, ಅಂದರೆ ಮನೆಗಳ ಕೊಳಚೆ ನೀರು ಶುದ್ಧ ಮಾಡುವ ಘಟಕ, ಅವರ ನೆಲಮಾಳಿಗೆಯಲ್ಲೇ ಇರುತ್ತದೆ. ಇನ್ನೊಂದು, ಬಟ್ಟೆಗೆ ಬಣ್ಣ ಹಾಕುವ, ಔಷಧ, ರಾಸಾಯನಿಕ ತಯಾರಿಸುವ ಕಾರ್ಖಾನೆಗಳ ಇಟಿಪಿ, ಅಂದರೆ ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವ ಘಟಕ, ನಡೆಸುವವರು. ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗೂ ನಷ್ಟ. ಹಾಗಾಗಿ ಒಂದೊಂದೇ ಹಂತ ನೋಡೋಣ.

ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಾರ್ಬನ್‌ಗೆ ಮತ್ತೆ ಜೀವ ತುಂಬಬಹುದು. ಆದರೆ ಅದು ನಡೆಯುವುದು 800 ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆಯಲ್ಲಿ, ನಿಮ್ಮ ಪಂಪ್ ರೂಮಿನಲ್ಲಲ್ಲ. ಇನ್ನೊಂದು ಮಾತು: ಸತ್ತಿದೆ ಅಂತ ನೀವು ಹೇಳುವ ಕಾರ್ಬನ್ ಎಷ್ಟೋ ಸಲ ಸತ್ತೇ ಇರುವುದಿಲ್ಲ. ಕೆಸರಿನಲ್ಲಿ ಮುಚ್ಚಿಹೋಗಿರುತ್ತದೆ, ಅಷ್ಟೇ.

ಮೊದಲು, ಒಳಗೆ ಏನು ನಡೆಯುತ್ತದೆ

ಎಸಿಎಫ್ ಅಂದರೆ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್. ಮರಳಿನ ಫಿಲ್ಟರ್ ಆದಮೇಲೆ ನಿಂತಿರುವ ಇನ್ನೊಂದು ದೊಡ್ಡ ಡ್ರಮ್ಮು. ಅದರೊಳಗಿನ ಕರಿ ಹರಳು ನಮ್ಮ ಕಡೆ ಹೆಚ್ಚಾಗಿ ತೆಂಗಿನ ಚಿಪ್ಪಿನದು, ಕೆಲವು ಕಡೆ ಕಲ್ಲಿದ್ದಲಿನದು. ಚಿಪ್ಪನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲನ್ನು ಬಿಸಿ ಸ್ಟೀಮ್‌ನಲ್ಲಿ ಕೊರೆಸಿರುತ್ತಾರೆ. ಕೊರೆದಾಗ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳಾಗುತ್ತವೆ. ಒಂದು ಗ್ರಾಂ ಒಳ್ಳೆಯ ಕಾರ್ಬನ್‌ನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ಒಂದು ಗ್ರಾಂನಲ್ಲಿ!

ನೀರಿನಲ್ಲಿ ಕರಗಿರುವ ಬಣ್ಣ, ವಾಸನೆ, ಸಾವಯವ ಕೊಳೆ ಬಂದು ಈ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಇದು ಸೋಸುವುದಲ್ಲ, ಅಂಟುವುದು. ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಗೋಡೆ ತುಂಬಿದ ಮೇಲೆ ಹೊಸದಕ್ಕೆ ಜಾಗವಿಲ್ಲ. ಅದೇ ಸ್ಪೆಂಟ್ ಕಾರ್ಬನ್, ಅಂದರೆ ಶಕ್ತಿ ಮುಗಿದ ಕಾರ್ಬನ್.

ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಅಂಟಿದ್ದನ್ನು ಯಾವುದೇ ರೀತಿಯಲ್ಲಿ ಬಿಡಿಸಿದರೂ ರೀಜನರೇಶನ್. ಕುಲುಮೆಯಲ್ಲಿ ಸ್ಟೀಮ್ ಕೊಟ್ಟು ರಂಧ್ರಗಳನ್ನು ಮತ್ತೆ ತೆರೆದರೆ ಅದು ರೀಆಕ್ಟಿವೇಶನ್. ಮಾರುಕಟ್ಟೆಯಲ್ಲಿ ಎರಡನ್ನೂ ಬೆರೆಸಿ ಮಾತಾಡುತ್ತಾರೆ. ನೀವು ಕೊಟೇಶನ್ ಕೇಳುವಾಗ ಯಾವುದು ಅಂತ ಬಿಡಿಸಿ ಕೇಳಿ. ಬೆಲೆಯೂ ಬೇರೆ, ಸಿಗುವ ಮಾಲೂ ಬೇರೆ.

ಹಂತ 1: ರೋಗ ಯಾವುದು ಅಂತ ಪತ್ತೆ ಮಾಡಿ

ಸುಮ್ನೆ "ಎರಡು ವರ್ಷ ಆಯ್ತು" ಅನ್ನುವುದು ರೋಗವಲ್ಲ. ಕಾರ್ಬನ್ ಕೆಲಸ ಬಿಡಲು ನಾಲ್ಕು ಕಾರಣಗಳಿವೆ, ಪ್ರತಿಯೊಂದಕ್ಕೂ ಮದ್ದು ಬೇರೆ.

ಮೊದಲನೆಯದು ಕೆಸರು. ಹಿಂದಿನ ಟ್ಯಾಂಕಿನಿಂದ ಸ್ಲಡ್ಜ್ ತೇಲಿ ಬಂದು, ಮರಳಿನ ಫಿಲ್ಟರ್ ದಾಟಿ, ಕಾರ್ಬನ್ ಮೇಲೆ ಕಂಬಳಿಯಂತೆ ಕೂರುತ್ತದೆ. ಪ್ರೆಶರ್ ಗೇಜ್ ನೋಡಿದರೆ ಗೊತ್ತಾಗುತ್ತದೆ. ಒಳಹೋಗುವ ಮತ್ತು ಹೊರಬರುವ ಒತ್ತಡದ ವ್ಯತ್ಯಾಸ ಹೊಸದಾಗಿ ತುಂಬಿದ ದಿನಕ್ಕಿಂತ ಚದರ ಸೆಂಟಿಮೀಟರ್‌ಗೆ ಅರ್ಧ ಕೆಜಿ ಜಾಸ್ತಿಯಾಗಿದ್ದರೆ ಅದು ಕಟ್ಟಿಕೊಂಡಿದೆ. ಎರಡೂ ಗೇಜ್ ಕೆಟ್ಟಿವೆಯಾ? ಹಾಗಾದರೆ ಕಾರ್ಬನ್ ಬಗ್ಗೆ ಯೋಚಿಸುವ ಮೊದಲು ಎರಡು ಗೇಜ್ ಹಾಕಿಸಿ.

ಎರಡನೆಯದು ಲೋಳೆ. ಹರಳಿನ ಮೇಲೆ ಬ್ಯಾಕ್ಟೀರಿಯಾ ಬೆಳೆದು ಜಾರುವಂತಾಗುತ್ತದೆ. ಪಂಪ್ ನಿಲ್ಲಿಸಿ ಎರಡು ದಿನ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ.

ಮೂರನೆಯದು ಸುಣ್ಣ. ಬೋರ್‌ವೆಲ್ ನೀರು ಗಡುಸಾಗಿರುವ ಕಡೆ ಕ್ಯಾಲ್ಸಿಯಂ ಪದರ ಕಟ್ಟುತ್ತದೆ. ಹರಳನ್ನು ಒಣಗಿಸಿ ನೋಡಿದರೆ ಬೂದು ಬಿಳಿ ಕಾಣುತ್ತದೆ. ಒಂದು ಹನಿ ಆ್ಯಸಿಡ್ ಬಿಟ್ಟರೆ ಬುಸ್ ಎನ್ನುತ್ತದೆ.

ನಾಲ್ಕನೆಯದು ನಿಜವಾಗಿಯೂ ತುಂಬಿಹೋಗಿರುವುದು. ಕುಲುಮೆ ಬೇಕಿರುವುದು ಇದೊಂದಕ್ಕೆ ಮಾತ್ರ.

ತುಂಬಿದೆಯೋ ಇಲ್ಲವೋ ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆ ಹೇಳುತ್ತೇನೆ. ಫಿಲ್ಟರಿನ ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ಸ್ವಲ್ಪ ಸ್ವಲ್ಪ ಕಾರ್ಬನ್ ತೆಗೆಸಿ ಬೆರೆಸಿ. ಅದರಲ್ಲಿ ಒಂದು ಹಿಡಿ ತೊಳೆದು ಒಣಗಿಸಿ. ಹೊಸ ಕಾರ್ಬನ್ ಒಂದು ಹಿಡಿ ಪಕ್ಕದಲ್ಲಿಡಿ. ಎರಡನ್ನೂ ಕುಟ್ಟಿ ಪುಡಿ ಮಾಡಿ. ಪುಡಿ ಮಾಡದಿದ್ದರೆ ಹರಳಿನ ಗಾತ್ರದ ವ್ಯತ್ಯಾಸವೇ ಫಲಿತಾಂಶ ಕೆಡಿಸುತ್ತದೆ. ಎಸಿಎಫ್‌ಗೆ ಒಳಹೋಗುವ ನೀರನ್ನು ಎರಡು ಬಾಟಲಿಯಲ್ಲಿ ಒಂದೊಂದು ಲೀಟರ್ ತುಂಬಿ. ಒಂದಕ್ಕೆ 5 ಗ್ರಾಂ ಹಳೆಯದು, ಇನ್ನೊಂದಕ್ಕೆ 5 ಗ್ರಾಂ ಹೊಸದು ಹಾಕಿ. ಒಂದು ಗಂಟೆ ಆಗಾಗ ಕುಲುಕಿ, ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ಬಿಳಿ ಹಾಳೆಯ ಮೇಲಿಟ್ಟು ಬಣ್ಣ ನೋಡಿ, ಮೂಸಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ನಿಮ್ಮ ಕಾರ್ಬನ್ ಬದುಕಿದೆ. ಹೊಸದರ ನೀರು ತಿಳಿಯಾಗಿ, ಹಳೆಯದರ ನೀರು ಹಾಗೇ ಇದ್ದರೆ ಕಥೆ ಮುಗಿದಿದೆ.

ಕಾರ್ಖಾನೆಯವರು ಇಷ್ಟಕ್ಕೇ ನಿಲ್ಲಬೇಡಿ. ಲ್ಯಾಬಿಗೆ ಕೊಟ್ಟು ಅಯೋಡಿನ್ ನಂಬರ್ ತೆಗೆಸಿ. ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಅನ್ನುವ ಲೆಕ್ಕ ಅದು. ಪರೀಕ್ಷೆ ಮಾಡುವ ವಿಧಾನಕ್ಕೆ ಭಾರತೀಯ ಮಾನಕ ಐಎಸ್ 877 ಇದೆ. ಒಳ್ಳೆಯ ಹೊಸ ಮಾಲು 900ರಿಂದ 1100 ತೋರಿಸುತ್ತದೆ. 500–600ಕ್ಕೆ ಇಳಿದಿದ್ದರೆ ಕುಲುಮೆಯ ಮಾತು ಶುರುಮಾಡಬಹುದು.

ಇಲ್ಲೊಂದು ಮೋಸದ ತಿರುವಿದೆ, ಎಚ್ಚರ. ಅಯೋಡಿನ್ ಅಣು ಬಹಳ ಚಿಕ್ಕದು. ಸಣ್ಣ ಸಂದಿಗೂ ನುಗ್ಗುತ್ತದೆ. ಬಟ್ಟೆಯ ಬಣ್ಣದ ಅಣು ದೊಡ್ಡದು. ದೊಡ್ಡ ರಂಧ್ರಗಳು ಮುಚ್ಚಿ, ಸಣ್ಣವು ತೆರೆದಿದ್ದರೆ ಅಯೋಡಿನ್ ನಂಬರ್ ಚೆನ್ನಾಗಿಯೇ ಬರುತ್ತದೆ, ಬಣ್ಣ ಮಾತ್ರ ಹೋಗುವುದಿಲ್ಲ. ಹಾಗಾಗಿ ಡೈಯಿಂಗ್ ಯೂನಿಟ್‌ನವರು ಬಾಟಲಿ ಪರೀಕ್ಷೆಯನ್ನೂ ಬಿಡಬೇಡಿ. ನಿಮ್ಮ ನೀರಿನಲ್ಲಿ ನಿಮ್ಮ ಕಾರ್ಬನ್ ಏನು ಮಾಡುತ್ತದೆ ಅನ್ನುವುದೇ ಕೊನೆಯ ಮಾತು.

ಹಂತ 2: ಸರಿಯಾಗಿ ಬ್ಯಾಕ್‌ವಾಶ್ ಮಾಡಿ

ಕೆಸರು, ಲೋಳೆ ಎರಡಕ್ಕೂ ಮೊದಲ ಮದ್ದು ಇದೇ. ಬ್ಯಾಕ್‌ವಾಶ್ ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಟ್ಟು ತೊಳೆಯುವುದು. ಎಲ್ಲರೂ ಮಾಡುತ್ತೇವೆ ಎನ್ನುತ್ತಾರೆ. ಆದರೆ ಎರಡು ನಿಮಿಷ ವಾಲ್ವ್ ತಿರುಗಿಸಿ ಮತ್ತೆ ಮುಚ್ಚಿದರೆ ಅದು ಶಾಸ್ತ್ರಕ್ಕೆ ಮಾಡಿದಂತೆ. ಕಾರ್ಬನ್ ಹಾಸು ಕಾಲು ಭಾಗದಷ್ಟಾದರೂ ಉಬ್ಬಿ ಏಳಬೇಕು. ಹರಳು ಹರಳಿಗೆ ಉಜ್ಜಬೇಕು. ಅದಕ್ಕೆ ಗಂಟೆಗೆ ಸುಮಾರು 25 ಮೀಟರ್ ವೇಗದ ನೀರು, 10ರಿಂದ 15 ನಿಮಿಷ ಬೇಕು. ಹೊರಬರುವ ನೀರು ತಿಳಿಯಾಗುವ ತನಕ ಬಿಡಿ.

ಮರಳಿಗೆ ಕೊಡುವಷ್ಟು ಜೋರು ಕೊಡಬೇಡಿ. ಕಾರ್ಬನ್ ಹಗುರ, ಮೇಲಿನ ಪೈಪಿನಲ್ಲಿ ತೇಲಿ ಹೋಗಿಬಿಡುತ್ತದೆ. ಬ್ಯಾಕ್‌ವಾಶ್ ನೀರನ್ನು ಬಿಳಿ ಬಕೆಟ್‌ನಲ್ಲಿ ಹಿಡಿದು ನೋಡಿ. ತಳದಲ್ಲಿ ಕರಿ ಹರಳು ಕಂಡರೆ ವೇಗ ಜಾಸ್ತಿ ಎಂದರ್ಥ. ಎಷ್ಟೋ ಕಡೆ ಮ್ಯಾನ್‌ಹೋಲ್ ತೆಗೆದು ನೋಡಿದರೆ ಅರ್ಧ ಕಾರ್ಬನ್ನೇ ಇರುವುದಿಲ್ಲ. ವರ್ಷಗಟ್ಟಲೆ ಚೂರು ಚೂರೇ ಹೊರಗೆ ಹೋಗಿರುತ್ತದೆ.

ಬ್ಯಾಕ್‌ವಾಶ್ ಮಾಡಿದರೆ ಅಂಟಿದ್ದು ಬಿಡುವುದಿಲ್ಲ. ಮೇಲಿನ ಕೊಳೆ ಮಾತ್ರ ಹೋಗುತ್ತದೆ. ಅದಕ್ಕೇ ಇದನ್ನು ರೀಜನರೇಶನ್ ಅಂತ ಬಿಲ್ ಮಾಡುವವರಿಗೆ ದುಡ್ಡು ಕೊಡಬೇಡಿ.

ಅಪಾರ್ಟ್‌ಮೆಂಟಿನವರು ಇಲ್ಲೊಂದು ಲೆಕ್ಕ ನೋಡಿ

ದಿನಕ್ಕೆ 100 ಕಿಲೋಲೀಟರ್ ನೀರು ಶುದ್ಧ ಮಾಡುವ ಎಸ್‌ಟಿಪಿ ಇದೆ ಅಂದುಕೊಳ್ಳಿ. ಫಿಲ್ಟರ್ ಪಂಪ್ 16 ಗಂಟೆ ಓಡುತ್ತದೆ. ಅಂದರೆ ಗಂಟೆಗೆ ಸುಮಾರು 6 ಸಾವಿರ ಲೀಟರ್. ಎಸಿಎಫ್ 90 ಸೆಂಟಿಮೀಟರ್ ಅಗಲ, ಒಳಗೆ ಒಂದು ಮೀಟರ್ ಆಳ ಕಾರ್ಬನ್. ತೂಕ ಸುಮಾರು 300 ಕೆಜಿ. ಇಲ್ಲಿ ನೀರು ಕಾರ್ಬನ್ ಹಾಸು ದಾಟಲು ತೆಗೆದುಕೊಳ್ಳುವ ಸಮಯ ಆರು ನಿಮಿಷ. ಕರಗಿದ ಕೊಳೆ ಚೆನ್ನಾಗಿ ಹೀರಬೇಕಾದರೆ 10ರಿಂದ 30 ನಿಮಿಷ ಬೇಕು.

ಈಗ ಮುಂದಿನದು. ಸಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಆಮ್ಲಜನಕದ ಲೆಕ್ಕದಲ್ಲಿ ಅಳೆಯುವ ಸಂಖ್ಯೆ. ಅದು ಎಸಿಎಫ್‌ನಲ್ಲಿ ಲೀಟರ್‌ಗೆ 60 ಮಿಲಿಗ್ರಾಂನಿಂದ 30ಕ್ಕೆ ಇಳಿಯಬೇಕು ಅಂದುಕೊಳ್ಳೋಣ. ದಿನಕ್ಕೆ 3 ಕೆಜಿ ಸಿಒಡಿ ಹಿಡಿಯಬೇಕಾಯಿತು. ಒಂದು ಕೆಜಿ ಕಾರ್ಬನ್ 300 ಗ್ರಾಂ ಹಿಡಿಯುತ್ತದೆ ಅಂತ ಉದಾರವಾಗಿಯೇ ಬಿಟ್ಟರೂ, 300 ಕೆಜಿಗೆ 90 ಕೆಜಿ. ಮೂವತ್ತು ದಿನಕ್ಕೆ ಮುಗಿಯಿತು!

ಹಾಗಾದರೆ ಎರಡು ವರ್ಷ ನಿಮ್ಮ ಫಿಲ್ಟರ್ ಏನು ಮಾಡುತ್ತಿತ್ತು? ಬಹುಪಾಲು ಒಂದು ಜರಡಿಯಂತೆ ಕೆಲಸ ಮಾಡುತ್ತಿತ್ತು. ಜೊತೆಗೆ ಹರಳಿನ ಮೇಲೆ ಬೆಳೆದ ಬ್ಯಾಕ್ಟೀರಿಯಾ ಒಂದಿಷ್ಟು ಕೊಳೆ ತಿನ್ನುತ್ತಿದ್ದವು. ಇದು ಕೆಟ್ಟದ್ದೇನಲ್ಲ. ಫ್ಲಶ್‌ಗೂ ಗಿಡಗಳಿಗೂ ಹೋಗುವ ನೀರಿಗೆ ಅಷ್ಟು ಸಾಕಾಗಬಹುದು. ಆದರೆ ನೀರಿಗೆ ಬಣ್ಣ, ವಾಸನೆ ಬರುತ್ತಿದ್ದರೆ ತಪ್ಪು ಇರುವುದು ಏರೇಶನ್ ಟ್ಯಾಂಕಿನಲ್ಲಿ, ಅಂದರೆ ಗಾಳಿ ಊದಿ ಬ್ಯಾಕ್ಟೀರಿಯಾ ಸಾಕುವ ಟ್ಯಾಂಕಿನಲ್ಲಿ. ಅದನ್ನು ಸರಿಮಾಡದೆ ಕಾರ್ಬನ್ ಬದಲಾಯಿಸಿದರೆ ತಿಂಗಳಲ್ಲಿ ಮತ್ತೆ ಅಲ್ಲಿಗೇ ಬರುತ್ತೀರಿ.

ಅದಕ್ಕೇ ನನ್ನ ಸಲಹೆ: 200–500 ಕೆಜಿ ಇರುವ ಅಪಾರ್ಟ್‌ಮೆಂಟ್‌ಗೆ ಕುಲುಮೆಯ ದಾರಿ ಬೇಡ. ಅಷ್ಟು ಸಣ್ಣ ಮಾಲಿಗಾಗಿ ಯಾರೂ ಕುಲುಮೆ ಬೇರೆಯಾಗಿ ಹಚ್ಚುವುದಿಲ್ಲ, ಸಾಗಾಟದ ಖರ್ಚೇ ತಲೆ ಮೇಲೆ ಕೂರುತ್ತದೆ. ಜೈವಿಕ ಹಂತ ಸರಿಮಾಡಿ, ಬ್ಯಾಕ್‌ವಾಶ್ ಶಿಸ್ತಾಗಿ ಮಾಡಿಸಿ, ಬಾಟಲಿ ಪರೀಕ್ಷೆಯಲ್ಲಿ ಸೋತಾಗ ಹೊಸದು ಹಾಕಿ. ಮಾರುವವರು ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಆರ್ಡರ್ ಕೊಡುವ ಮುಂಚೆಯೇ ಕೇಳಿ. ಆದರೆ ಹಂತ 5 ಮಾತ್ರ ನೀವೂ ಓದಲೇಬೇಕು.

ಹಂತ 3: ರಾಸಾಯನಿಕದಲ್ಲಿ ತೊಳೆಯುವುದು, ಕೆಲವರಿಗೆ ಮಾತ್ರ

ಏನು ಅಂಟಿದೆ ಅಂತ ಖಚಿತವಾಗಿ ಗೊತ್ತಿದ್ದರೆ ಮಾತ್ರ ಈ ದಾರಿ.

ಸುಣ್ಣ ಕಟ್ಟಿದ್ದರೆ ಶೇಕಡ 2–3ರ ಹೈಡ್ರೋಕ್ಲೋರಿಕ್ ಆ್ಯಸಿಡ್. ಅಂಗಡಿಯಲ್ಲಿ ಸಿಗುವ ಗಟ್ಟಿ ಆ್ಯಸಿಡ್ ಸುಮಾರು ಶೇಕಡ 30 ಇರುತ್ತದೆ, ಹತ್ತು ಪಾಲು ನೀರಿಗೆ ಒಂದು ಪಾಲು ಆ್ಯಸಿಡ್ ಹಾಕಿದರೆ ಸಾಕು. ಫೀನಾಲ್‌ನಂಥ ಹುಳಿ ಸ್ವಭಾವದ ವಸ್ತು ಅಂಟಿದ್ದರೆ ಬಿಸಿ ಕಾಸ್ಟಿಕ್ ಸೋಡಾ ನೀರು, ಲೀಟರ್‌ಗೆ 40 ಗ್ರಾಂ. ಕಾಸ್ಟಿಕ್ ತಗುಲಿದಾಗ ಫೀನಾಲ್ ಉಪ್ಪಿನ ರೂಪಕ್ಕೆ ತಿರುಗಿ ನೀರಿಗೆ ಇಳಿಯುತ್ತದೆ. ಸುಲಭವಾಗಿ ಆವಿಯಾಗುವ ಸಾಲ್ವೆಂಟ್ (ಬೇರೆ ವಸ್ತುಗಳನ್ನು ಕರಗಿಸುವ ದ್ರವ) ಅಂಟಿದ್ದರೆ ಕಡಿಮೆ ಒತ್ತಡದ ಸ್ಟೀಮ್ ಹಾಯಿಸಿ ಹೊರಡಿಸಬಹುದು. ಇವುಗಳಿಂದ ಪೂರ್ತಿ ಶಕ್ತಿ ಯಾವತ್ತೂ ವಾಪಸ್ ಬರುವುದಿಲ್ಲ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಒಳಗೇ ಉಳಿಯುತ್ತದೆ. ನೂರಾರು ಬಗೆಯ ಕೊಳೆ ಬೆರೆತ ಮನೆ ಕೊಳಚೆಗಂತೂ ಇದು ಪ್ರಯೋಜನವಿಲ್ಲ.

ಮಾಡುವವರು ಇಷ್ಟು ನೆನಪಿಡಿ. ಆ್ಯಸಿಡ್ಡೋ ಕಾಸ್ಟಿಕ್ಕೋ, ನೀರಿಗೆ ಅದನ್ನು ಸುರಿಯಿರಿ, ಅದಕ್ಕೆ ನೀರು ಸುರಿಯಬೇಡಿ. ಕನ್ನಡಕ, ಗ್ಲೌಸ್, ಏಪ್ರನ್ ಇಲ್ಲದೆ ಡಬ್ಬದ ಮುಚ್ಚಳ ತೆಗೆಯಬೇಡಿ. ಕಬ್ಬಿಣದ ಡ್ರಮ್ಮಿನೊಳಗೇ ಆ್ಯಸಿಡ್ ಹಾಕಿದರೆ ಕಾರ್ಬನ್ ಜೊತೆ ಡ್ರಮ್ಮೂ ಕರಗುತ್ತದೆ. ಪ್ಲಾಸ್ಟಿಕ್ ಅಥವಾ ಫೈಬರ್ ತೊಟ್ಟಿಯಲ್ಲಿ ಮಾಡಿ. ಎಸ್‌ಟಿಪಿ ಕೋಣೆಯಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಕ್ಯಾನ್ ಇದ್ದೇ ಇರುತ್ತದೆ. ಅದಕ್ಕೂ ಆ್ಯಸಿಡ್‌ಗೂ ಒಂದು ಲೋಟದಷ್ಟು ಬೆರೆತರೂ ಕ್ಲೋರಿನ್ ಅನಿಲ ಏಳುತ್ತದೆ, ನೆಲಮಾಳಿಗೆಯಲ್ಲಿ ಅದು ಜೀವ ತೆಗೆಯಬಲ್ಲದು. ತೊಳೆದ ನೀರನ್ನು ಚರಂಡಿಗೆ ಬಿಡಬೇಡಿ, ಒಂದೇ ಸಲ ಏರೇಶನ್ ಟ್ಯಾಂಕಿಗೂ ಬಿಡಬೇಡಿ. ಅಲ್ಲಿರುವ ಬ್ಯಾಕ್ಟೀರಿಯಾ ಸಾಯುತ್ತವೆ. ಪಿಎಚ್ ಏಳರ ಹತ್ತಿರ ತಂದು, ಮೊದಲ ಟ್ಯಾಂಕಿಗೆ ನಿಧಾನವಾಗಿ ಸೇರಿಸಿ.

ಇವುಗಳನ್ನು ಮಾಡಲೇಬೇಡಿ

ಬಿಸಿಲಿಗೆ ಒಣಗಿಸುವುದು. ಒಂದು ಕಡೆ ಆಪರೇಟರ್ ಇಡೀ ಕಾರ್ಬನ್ನನ್ನು ಟೆರೇಸ್ ಮೇಲೆ ಟಾರ್ಪಾಲಿನಲ್ಲಿ ಹಪ್ಪಳದಂತೆ ಹರವಿ, ನಾಲ್ಕು ದಿನ ಒಣಗಿಸಿ, ಮತ್ತೆ ತುಂಬಿದ್ದ. ಅವನ ಶ್ರಮಕ್ಕೆ ಮೆಚ್ಚಬೇಕು. ಹೋದದ್ದು ಬರೀ ನೀರು. ಟೆರೇಸ್ ಬಿಸಿಲು 50–60 ಡಿಗ್ರಿ, ಅಂಟಿದ ಕೊಳೆ ಅದಕ್ಕೆ ಜಗ್ಗುವುದಿಲ್ಲ.

ಉಪ್ಪು ನೀರು ಹಾಕುವುದು. ಉಪ್ಪು ಬೇಕಾಗಿರುವುದು ಪಕ್ಕದ ಸಾಫ್ಟ್‌ನರ್‌ಗೆ, ಅಂದರೆ ಗಡಸು ನೀರನ್ನು ಮೆದು ಮಾಡುವ ಡ್ರಮ್ಮಿಗೆ. ಅದರೊಳಗಿರುವುದು ರೆಸಿನ್ ಎಂಬ ಮಣಿಗಳು. ಕಾರ್ಬನ್‌ಗೆ ಉಪ್ಪಿನಿಂದ ಏನೂ ಆಗುವುದಿಲ್ಲ. ಎರಡು ಡ್ರಮ್ಮುಗಳೂ ಒಂದೇ ಥರ ಕಾಣುವುದರಿಂದ ಈ ಗೊಂದಲ.

ಸೌದೆ ಹಾಕಿ, ತಗಡಿನ ಮೇಲೆ ಹುರಿಯುವುದು, ಇಟ್ಟಿಗೆ ಗೂಡಿಗೆ ಕಳಿಸುವುದು. ಗಾಳಿ ತಗುಲಿದರೆ ಕಾರ್ಬನ್ನೇ ಉರಿದು ಬೂದಿಯಾಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಕ್ಲೋರಿನ್ ಇರುವ ಬಣ್ಣ, ಸಾಲ್ವೆಂಟ್ ಅಂಟಿದ್ದರೆ ಡಯಾಕ್ಸಿನ್‌ನಂಥ ವಿಷವೂ ಹೊಗೆಯಲ್ಲಿ ಹೋಗುತ್ತದೆ. ಹೊಗೆ ನಿಮ್ಮೂರಿನ ಮೇಲೆಯೇ ಇಳಿಯುತ್ತದೆ, ಅಲ್ವಾ?

ಹಂತ 4: ಕುಲುಮೆಗೆ ಕಳಿಸಲು ಯೋಗ್ಯವಾ?

ಇಲ್ಲಿಂದ ಮುಂದಿನದು ಹೆಚ್ಚಾಗಿ ಇಟಿಪಿ ಮತ್ತು ಹಲವು ಕಾರ್ಖಾನೆಗಳ ನೀರು ಒಟ್ಟಿಗೆ ಶುದ್ಧ ಮಾಡುವ ಸಿಇಟಿಪಿಯವರಿಗೆ.

ಹರಳಿನ ರೂಪದ ಕಾರ್ಬನ್ ಆಗಿರಬೇಕು. ಪುಡಿ ಕಾರ್ಬನ್ ಸ್ಲಡ್ಜ್ ಜೊತೆ ಬೆರೆತುಹೋಗುತ್ತದೆ, ಮಾಮೂಲಿ ಕುಲುಮೆಯಲ್ಲಿ ಅದು ಹಾರಿಹೋಗುತ್ತದೆ. ಪುಡಿಗೆ ಈ ದಾರಿ ಮರೆತುಬಿಡಿ.

ಟನ್ ಲೆಕ್ಕದಲ್ಲಿ ಇರಬೇಕು. ದಿನಕ್ಕೆ ಸುಮಾರು ಒಂದು ಟನ್ ಕಾರ್ಬನ್ ಮುಗಿಯುವಷ್ಟು ದೊಡ್ಡ ಘಟಕವಾದರೆ ಸ್ವಂತ ಕುಲುಮೆಯ ಯೋಚನೆ ಮಾಡಬಹುದು. ಅಮೆರಿಕದ ಲೇಕ್ ಟಾಹೋ ಬಳಿಯ ಕೊಳಚೆ ನೀರಿನ ಘಟಕ 1960ರ ದಶಕದಲ್ಲೇ ತನ್ನ ಕಾರ್ಬನ್ನನ್ನು ಸ್ಥಳದಲ್ಲೇ ಕುಲುಮೆಗೆ ಹಾಕಿ ಮತ್ತೆ ಮತ್ತೆ ಬಳಸುತ್ತಿತ್ತು. ಅದಕ್ಕಿಂತ ಚಿಕ್ಕ ಘಟಕದವರು ಹೊರಗೆ ಕಳಿಸುವುದೇ ಲೇಸು.

ಒಳಗೆ ಏನಿದೆ ಅನ್ನುವುದು ಮುಖ್ಯ. ಸಾವಯವ ಕೊಳೆ ಸುಟ್ಟು ಹೋಗುತ್ತದೆ, ಲೋಹಗಳು ಹೋಗುವುದಿಲ್ಲ. ಕ್ಯಾಲ್ಸಿಯಂ, ಸೋಡಿಯಂ, ಕಬ್ಬಿಣ ಜಾಸ್ತಿ ಇದ್ದರೆ ಇನ್ನೂ ಒಂದು ತೊಂದರೆ. ಕುಲುಮೆಯ ಬಿಸಿಯಲ್ಲಿ ಇವು ಸ್ಟೀಮ್‌ನ ಕೆಲಸಕ್ಕೆ ಕುಮ್ಮಕ್ಕು ಕೊಟ್ಟು, ರಂಧ್ರದ ಗೋಡೆಯನ್ನೇ ತಿನ್ನಿಸುತ್ತವೆ. ಸಣ್ಣ ರಂಧ್ರಗಳೆಲ್ಲ ಒಡೆದು ದೊಡ್ಡದಾಗಿ, ಮಾಲು ಸವೆದು ಬರುತ್ತದೆ. ಹಾಗಾಗಿ ಗಡಸು ನೀರಿನ ಕಾರ್ಬನ್‌ಗೆ ಕುಲುಮೆಗೆ ಮುಂಚೆ ಆ್ಯಸಿಡ್ ತೊಳೆತ ಬೇಕು. ಬೂದಿ ಅಂಶ, ಲೋಹಗಳು, ಅಯೋಡಿನ್ ನಂಬರ್ ಮೂರನ್ನೂ ಪರೀಕ್ಷೆ ಮಾಡಿಸಿ, ಒಂದು ಸಣ್ಣ ಸ್ಯಾಂಪಲ್ ಲ್ಯಾಬ್ ಕುಲುಮೆಯಲ್ಲಿ ಹಾಕಿಸಿ ನೋಡಿದ ಮೇಲೆಯೇ ಲಾರಿ ಕರೆಸಿ.

ಕಾಗದಪತ್ರ: ಔಷಧ ತಯಾರಿಕೆಯ ಸ್ಪೆಂಟ್ ಕಾರ್ಬನ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇದೆ. ಅಂಥದ್ದನ್ನು ಅನುಮತಿ ಇರುವ ಘಟಕಕ್ಕೆ ಮಾತ್ರ, ಫಾರ್ಮ್ 10 ಮ್ಯಾನಿಫೆಸ್ಟ್ ಜೊತೆ ಕಳಿಸಬೇಕು. ಮ್ಯಾನಿಫೆಸ್ಟ್ ಅಂದರೆ ಯಾರ ಮಾಲು, ಯಾವ ಗಾಡಿ, ಎಲ್ಲಿಗೆ ಅಂತ ಬರೆದ ಪತ್ರ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಉಳಿದವರು ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಕನ್ಸೆಂಟ್ ಪತ್ರದಲ್ಲಿ ತಮ್ಮ ಕಾರ್ಬನ್ ಬಗ್ಗೆ ಏನಿದೆ ಅಂತ ಓದಿಕೊಳ್ಳಿ. ತೆಗೆದುಕೊಂಡು ಹೋಗುವವನ ಬಳಿ ಅನುಮತಿ ಪತ್ರದ ಪ್ರತಿ ಕೇಳಿ. ಕೊಡದವನಿಗೆ ಮಾಲು ಕೊಡಬೇಡಿ, ಪುಕ್ಕಟೆ ಒಯ್ಯುತ್ತೇನೆ ಎಂದರೂ ಸರಿ.

ಹಂತ 5: ಖಾಲಿ ಮಾಡುವುದು. ಇಲ್ಲೇ ಜೀವ ಹೋಗುವುದು

ಈ ಒಂದು ಹಂತವನ್ನು ನಿಮ್ಮ ಆಪರೇಟರ್‌ಗೆ ಓದಿ ಹೇಳಿ.

ಒದ್ದೆ ಆಕ್ಟಿವೇಟೆಡ್ ಕಾರ್ಬನ್ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ನೀರು ಬಸಿದು, ಮುಚ್ಚಳ ಹಾಕಿ ಒಂದು ರಾತ್ರಿ ಬಿಟ್ಟ ಡ್ರಮ್ಮಿನೊಳಗೆ ಉಸಿರಾಡಲು ಬೇಕಾದಷ್ಟು ಆಮ್ಲಜನಕ ಇಲ್ಲದಿರಬಹುದು. ವಾಸನೆ ಇರುವುದಿಲ್ಲ, ಬಣ್ಣ ಇರುವುದಿಲ್ಲ, ಕೆಮ್ಮೂ ಬರುವುದಿಲ್ಲ. ಒಳಗೆ ಇಳಿದವನು ಸುಮ್ಮನೆ ಕುಸಿಯುತ್ತಾನೆ. ಅವನನ್ನು ಎಳೆಯಲು ಇಳಿದ ಎರಡನೆಯವನೂ ಕುಸಿಯುತ್ತಾನೆ. ಇದರ ಮೇಲೆ ಲೋಳೆಯಿಂದ ಬಂದ ಹೈಡ್ರೋಜನ್ ಸಲ್ಫೈಡ್ ಬೇರೆ.

ಆದ್ದರಿಂದ ಸಾಧ್ಯವಾದಷ್ಟೂ ಯಾರೂ ಒಳಗೆ ಇಳಿಯದಂತೆ ಕೆಲಸ ಮಾಡಿ. ಕಾರ್ಬನ್ನನ್ನು ನೀರಿನ ಜೊತೆ ತೇಲಿಸಿ ಪೈಪಿನಲ್ಲಿ ಹೊರಗೆಳೆಯಬಹುದು, ವ್ಯಾಕ್ಯೂಮ್ ಗಾಡಿಯಿಂದ ಹೀರಿಸಬಹುದು, ಪಕ್ಕದ ಮ್ಯಾನ್‌ಹೋಲಿನಿಂದ ಉದ್ದ ಹಿಡಿಯ ಸಲಿಕೆಯಲ್ಲಿ ಎಳೆಯಬಹುದು. ಇಳಿಯಲೇಬೇಕಾದರೆ: ಬ್ಲೋವರ್ ಇಟ್ಟು ಗಾಳಿ ಊದುತ್ತಲೇ ಇರಿ. ಆಮ್ಲಜನಕ ಮೀಟರ್ ಇಳಿಬಿಟ್ಟು ನೋಡಿ. ಹೊರಗಿನ ಗಾಳಿಯಲ್ಲಿ ಶೇಕಡ 20.9 ಇರುತ್ತದೆ, 19.5ಕ್ಕಿಂತ ಕಡಿಮೆ ತೋರಿಸಿದರೆ ಇಳಿಯಬೇಡಿ. ಇಳಿದವನಿಗೆ ಬೆಲ್ಟ್, ಹಗ್ಗ. ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿ, ಅವನು ಫೋನ್ ನೋಡುತ್ತಾ ನಿಲ್ಲಬಾರದು. ಬೆಂಕಿಕಡ್ಡಿ ಗೀರಿ, ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ಬೇಡವೇ ಬೇಡ.

ತೆಗೆದ ಕಾರ್ಬನ್‌ಗೆ ತಳದ ಜಲ್ಲಿ, ಮರಳು ಬೆರೆಯದಂತೆ ನೋಡಿಕೊಳ್ಳಿ. ಕಲ್ಲು ಬೆರೆತ ಮಾಲನ್ನು ಕುಲುಮೆಯವರು ವಾಪಸ್ ಕಳಿಸುತ್ತಾರೆ. ನೀರು ಬಸಿಯಲು ಒಂದು ದಿನ ಬಿಡಿ, ಬಸಿದ ನೀರು ಮೊದಲ ಟ್ಯಾಂಕಿಗೇ ಹೋಗಲಿ. ಒಳಗೆ ಪ್ಲಾಸ್ಟಿಕ್ ಹಾಳೆ ಇರುವ ಜಂಬೋ ಚೀಲಕ್ಕೆ ತುಂಬಿ, ನೆರಳಿನಲ್ಲಿ, ಮಳೆ ಬೀಳದ ಕಡೆ ಇಡಿ. ಚೀಲದ ಮೇಲೆ ಯಾವ ಫಿಲ್ಟರ್, ಯಾವ ದಿನ ಅಂತ ಬರೆಯಿರಿ. ಸಾಲ್ವೆಂಟ್ ಹೀರಿದ ಕಾರ್ಬನ್ ತನ್ನಷ್ಟಕ್ಕೇ ಬಿಸಿಯಾಗಿ ಒಳಗೊಳಗೇ ಕೆಂಡ ಹಿಡಿಯುವುದುಂಟು. ಅಂಥ ಚೀಲಗಳನ್ನು ಒಂದರ ಮೇಲೊಂದು ಪೇರಿಸಬೇಡಿ.

ಬಸಿದ ಮೇಲೂ ಅದರ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ ಅನ್ನುವುದು ನೆನಪಿರಲಿ. ದರ ಮಾತಾಡುವಾಗ ಒದ್ದೆ ತೂಕಕ್ಕಾ, ಒಣ ತೂಕಕ್ಕಾ ಅಂತ ಬರೆಸಿಕೊಳ್ಳಿ. ಜಗಳಗಳೆಲ್ಲ ಇಲ್ಲಿಂದಲೇ ಶುರು.

ಹಂತ 6: ಕುಲುಮೆಯೊಳಗೆ

ಇದು ನೀವು ಮಾಡುವ ಕೆಲಸವಲ್ಲ, ಆದರೆ ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು.

ಕುಲುಮೆ ಬಹುಮಟ್ಟಿಗೆ ರೋಟರಿ ಕಿಲ್ನ್ ಆಗಿರುತ್ತದೆ. ಸ್ವಲ್ಪ ವಾಲಿಸಿ ಮಲಗಿಸಿದ, ನಿಧಾನ ತಿರುಗುವ ಉದ್ದ ಉಕ್ಕಿನ ಕೊಳವೆ. ಒಂದರ ಮೇಲೊಂದು ತಟ್ಟೆ ಜೋಡಿಸಿದಂಥ ಕುಲುಮೆಯೂ ಇದೆ. ಮೊದಲು 100 ಡಿಗ್ರಿಯ ಸುಮಾರಿಗೆ ನೀರು ಒಣಗುತ್ತದೆ. ಇಂಧನದ ದೊಡ್ಡ ಪಾಲು ಇಲ್ಲಿಯೇ ಖರ್ಚು. ಬಿಸಿ ಏರಿದಂತೆ ಸಡಿಲವಾಗಿ ಅಂಟಿದ್ದು ಆವಿಯಾಗಿ ಹೋಗುತ್ತದೆ. ಗಟ್ಟಿಯಾಗಿ ಅಂಟಿದ್ದು 600–700 ಡಿಗ್ರಿ ಹೊತ್ತಿಗೆ ಅಲ್ಲೇ ಸೀದು ಕರಕಲಾಗುತ್ತದೆ. ಹಾಲು ಸೀದು ಪಾತ್ರೆಯ ತಳ ಹಿಡಿದಂತೆ. ಇಲ್ಲಿಗೇ ನಿಲ್ಲಿಸಿದರೆ ರಂಧ್ರದ ತುಂಬ ಕರಕಲು ಉಳಿಯುತ್ತದೆ. ಕಡಿಮೆ ದರದವರು ನಿಲ್ಲಿಸುವುದೂ ಇಲ್ಲಿಯೇ.

ಮುಖ್ಯ ಕೆಲಸ ಆಮೇಲಿನದು. 800ರಿಂದ 950 ಡಿಗ್ರಿಯಲ್ಲಿ ಸ್ಟೀಮ್ ಬಿಡುತ್ತಾರೆ. ಸ್ಟೀಮ್ ಆ ಕರಕಲಿನ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಆಗಿ ಹೊರಟುಹೋಗುತ್ತದೆ. ಗೋಡೆ ಬಿಟ್ಟು ಕರಕಲನ್ನು ಮಾತ್ರ ತೆಗೆಯಬೇಕು. ಬಿಸಿ, ಸಮಯ, ಸ್ಟೀಮ್ ಮೂರರ ಹದ ತಪ್ಪಿದರೆ ಗೋಡೆಯೂ ಹೋಗುತ್ತದೆ. ಆಮ್ಲಜನಕವನ್ನಂತೂ ಬಿಗಿಯಾಗಿ ತಡೆಯಬೇಕು.

ಹೊರಬರುವ ಹೊಗೆಯನ್ನು ಇನ್ನೊಂದು ಉರಿಕೋಣೆಯಲ್ಲಿ ಪೂರ್ತಿ ಸುಟ್ಟು, ತೊಳೆದು ಬಿಡಬೇಕು. ನೀವು ಕೇಳಬೇಕಾದ ಪ್ರಶ್ನೆಗಳು ಎರಡು: ಸ್ಟೀಮ್ ಕೊಡುತ್ತೀರಾ, ಎಷ್ಟು ಡಿಗ್ರಿಯಲ್ಲಿ? ಹೊಗೆಗೆ ಏನು ವ್ಯವಸ್ಥೆ? ಎರಡಕ್ಕೂ ನೆಟ್ಟಗೆ ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹಂತ 7: ವಾಪಸ್ ಬಂದದ್ದನ್ನು ಅಳೆದು ತೆಗೆದುಕೊಳ್ಳಿ

ಒಂದು ಸುತ್ತಿಗೆ ಶೇಕಡ 5ರಿಂದ 15 ಮಾಲು ಕಡಿಮೆಯಾಗುತ್ತದೆ. ಸ್ವಲ್ಪ ಉರಿದು, ಸ್ವಲ್ಪ ಪುಡಿಯಾಗಿ. ಅಷ್ಟನ್ನು ಹೊಸ ಕಾರ್ಬನ್‌ನಿಂದ ತುಂಬಿಸಬೇಕು. ಒಂದು ಕೆಜಿಯೂ ಕಡಿಮೆಯಾಗಿಲ್ಲ ಎಂದರೆ ಅನುಮಾನಪಡಿ.

ಅಯೋಡಿನ್ ನಂಬರ್ 800ರ ಮೇಲೆ ಬಂದಿದ್ದರೆ ಒಳ್ಳೆಯ ಕೆಲಸ. ಇನ್ನೊಂದು ಸುಲಭ ಪರೀಕ್ಷೆ ತೂಕದ್ದು. ಒಂದು ಲೀಟರ್ ಅಳತೆ ಪಾತ್ರೆಗೆ ಒಣ ಕಾರ್ಬನ್ ತಟ್ಟಿ ತಟ್ಟಿ ತುಂಬಿ ತೂಗಿ. ಹೊಸದು 480 ಗ್ರಾಂ ಇದ್ದರೆ, ಕೊಳೆ ಹಿಡಿದದ್ದು 550ರ ಆಸುಪಾಸು ತೂಗಬಹುದು. ವಾಪಸ್ ಬಂದದ್ದು ಮತ್ತೆ 480–500ಕ್ಕೆ ಇಳಿದಿರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಕರಕಲು ಉಳಿದಿದೆ. ಬಹಳ ಹಗುರವಾಗಿದ್ದರೆ ಗೋಡೆ ಸುಟ್ಟಿದೆ, ಅದು ಬ್ಯಾಕ್‌ವಾಶ್‌ನಲ್ಲಿ ಪುಡಿಯಾಗುತ್ತದೆ. ಈ ಪರೀಕ್ಷೆಗೆ ಹೊಸ ಕಾರ್ಬನ್ ತಂದ ದಿನವೇ ಒಂದು ಡಬ್ಬ ಎತ್ತಿಟ್ಟಿರಬೇಕು. ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ?

ನಿಮ್ಮ ಮಾಲೇ ನಿಮಗೆ ವಾಪಸ್ ಬರುತ್ತದಾ, ಹತ್ತು ಜನರ ಮಾಲು ಬೆರೆಸಿದ್ದಾ ಅಂತಲೂ ಕೇಳಿ. ಬೆರೆಸಿದ್ದನ್ನು ಇಟಿಪಿಗೆ ಹಾಕಬಹುದು. ಕುಡಿಯುವ ನೀರಿಗೆ ಮಾತ್ರ ಕಾರ್ಖಾನೆ ಕೊಳಚೆ ಕಂಡ ಕಾರ್ಬನ್ ಎಷ್ಟೇ ಚೆನ್ನಾಗಿ ಸುಟ್ಟಿದ್ದರೂ ಬೇಡ.

ಹಂತ 8: ಮತ್ತೆ ತುಂಬುವುದು

ಖಾಲಿ ಡ್ರಮ್ಮಿನ ತಳದ ಸ್ಟ್ರೈನರ್‌ಗಳನ್ನು ಮೊದಲು ನೋಡಿ, ಒಡೆದದ್ದನ್ನು ಬದಲಾಯಿಸಿ. ಜಲ್ಲಿ ಹಾಕಿ, ಅರ್ಧದ ತನಕ ನೀರು ತುಂಬಿ, ಅದರ ಮೇಲೆ ಕಾರ್ಬನ್ ಸುರಿಯಿರಿ. ಒಣ ಡ್ರಮ್ಮಿಗೆ ಸುರಿದರೆ ಧೂಳು ಏಳುತ್ತದೆ, ಹರಳು ಒಡೆಯುತ್ತದೆ. ಕಾರ್ಬನ್ ಹಾಸಿನ ಎತ್ತರದ ಅರ್ಧದಷ್ಟು ಜಾಗ ಅದರ ಮೇಲೆ ಖಾಲಿ ಬಿಡಿ, ಉಬ್ಬಲು ಬೇಕು.

ಆಮೇಲೆ 24 ಗಂಟೆ ನೆನೆಯಲು ಬಿಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ರಂಧ್ರದೊಳಗಿನ ಗಾಳಿ ಹೊರಬರಲು ಅಷ್ಟು ಹೊತ್ತು ಬೇಕು. ನೆನೆಯದೆ ಬ್ಯಾಕ್‌ವಾಶ್ ಕೊಟ್ಟರೆ ಹೊಸ ಮಾಲು ತೇಲಿ ಚರಂಡಿ ಪಾಲು. ನೆನೆದ ಮೇಲೆ ಕರಿ ನೀರು ನಿಲ್ಲುವ ತನಕ ಬ್ಯಾಕ್‌ವಾಶ್ ಮಾಡಿ. ಕುಲುಮೆಯಿಂದ ಬಂದ ಕಾರ್ಬನ್‌ನಲ್ಲಿ ಮೊದಮೊದಲು ಪಿಎಚ್ 9–10 ತನಕ ಏರಬಹುದು, ಗಾಬರಿ ಬೇಡ. ಆ ನೀರನ್ನು ಹಿಂದಿನ ಟ್ಯಾಂಕಿಗೇ ತಿರುಗಿಸಿ, 8.5ಕ್ಕಿಂತ ಕೆಳಗೆ ಇಳಿದ ಮೇಲೆ ಲೈನಿಗೆ ತೆಗೆದುಕೊಳ್ಳಿ.

ಮೊದಲ ದಿನ ಎರಡೂ ಗೇಜ್‌ಗಳ ಒತ್ತಡ, ಒಳಗಿನ ಮತ್ತು ಹೊರಗಿನ ಸಿಒಡಿ, ತುಂಬಿದ ಕಾರ್ಬನ್ನಿನ ಎತ್ತರ, ಇಷ್ಟನ್ನು ಡ್ರಮ್ಮಿನ ಮೈಮೇಲೆಯೇ ಪೇಂಟ್‌ನಲ್ಲಿ ಬರೆಸಿ. ರಿಜಿಸ್ಟರ್ ಕಳೆದುಹೋಗುತ್ತದೆ, ಆಪರೇಟರ್ ಬದಲಾಗುತ್ತಾನೆ, ಡ್ರಮ್ಮು ಅಲ್ಲೇ ಇರುತ್ತದೆ.